ತೊಟ್ಟಿಲ ಕೊಂಡಿಗೆ ಫ್ಯಾನು

“ಲೇ ಬಿಂದು, ನಮ್ ತಾತ ಏಸಿ ಹಾಕುಸ್ತಾರಂತೆ ಕಣೇ!”

“ಯಾವ್ ತಾತನೇ ಮಧು? ದೇವೀರಪ್ಪ ತಾತನಾ?”

“ಇನ್ನೆಷ್ಟು ಜನ ತಾತ ಅವ್ರೆ ನಂಗೆ?”

ಹೊಂಗಡಹಳ್ಳದಲ್ಲಿ ಕೂತ್ಕಂಡು ನನ್ ಗೆಳತಿ ಬಿಂದುಶ್ರೀ ಫೋನಲ್ಲೇ ಬಿದ್ದೂ ಬಿದ್ದೂ ನಕ್ಳು. ನಗ್ದೆ ಇನ್ನೇನು? ಹೋದ್ವರ್ಷ ನಮ್ಮನೆಗೆ ಬಂದಾಗ ಅವ್ಳು “ಸೆಖೆ ತಾತ, ಒಂದು ಫ್ಯಾನ್ ಇಲ್ವಾ?” ಅಂದಿದ್ಕೆ ತಾತ ಊಟ ಮುಗಿಯೋವರ್ಗೂ ಭಾಷಣ ಮಾಡಿದ್ರು. ಯಸಳೂರಿಗೆ ಫ್ಯಾನಾ? ಇಲ್ಲಿ ಗಾಳಿ ಕರೀದೇನೇ ಬಂದು ಕೂತ್ಕಳತ್ತೆ, ಫ್ಯಾನೆಲ್ಲ ಆ ಅರಸೀಕೆರೆ ಮಹಾದೇವಯ್ಯನ ಮನೆಗೆ!

ಈ ಮಹಾದೇವಯ್ಯ ತಾತ ನಮ್ ತಾತನ ಜೀವದ ಗೆಳೆಯ. ಹಾಸನದ ಹಾಸ್ಟೆಲ್ಲಲ್ಲಿ ಇಬ್ರೂ ಒಂದೇ ರೂಮು. ಈಗ್ಲೂ ವರ್ಷಕ್ಕೊಂದ್ಸಲ ಬರ್ತಾರೆ. ಆದ್ರೆ ಬೆಳಿಗ್ಗೆ ಬಂದ್ರೆ ಸಾಯಂಕಾಲದ ಬಸ್ಸಿಗೆ ಹೊರಟ್ಬುಡ್ತಾರೆ. ಒಂದಿನ ಉಳ್ಕಳೋ ಅಂದ್ರೆ ತೋಟ, ನೆಂಟ್ರು, ಹಲ್ಲು ನೋವು, ಏನಾದ್ರೂ ಒಂದು ನೆಪ. ಅವ್ರು ಹೋದ್ಮೇಲೆ ತಾತ ಜಗಲಿ ಮೇಲೆ ಸಪ್ಪಗೆ ಕೂತ್ಕಂಡು ಅಜ್ಜಿಗೆ ಅನ್ನೋರು, “ನಿನ್ ಕಡುಬು ಗಟ್ಟಿ ಆಗಿತ್ತು ಕಣೇ ವಿಶಾಲು, ಅದಕ್ಕೇ ಹೋದ.” ಅಜ್ಜಿ ಸೌಟು ಕುಟ್ಟೋದು.

ಈ ಸಲ ಮಹಾದೇವಯ್ಯ ತಾತ ಮುಂದಿನ ವಾರ ಬರ್ತೀನಿ ಅಂದವ್ರೆ. ಹೆಂಗಾದ್ರೂ ಮಾಡಿ ಒಂದು ರಾತ್ರಿ ಉಳಿಸ್ಕಬೇಕು ಅಂತ ತಾತಂಗೆ ಆಸೆ. ಆದ್ರೆ ಈ ಏಪ್ರಿಲ್ ಹೆಂಗೈತೆ ಅಂದ್ರೆ, ಓದಕ್ಕೆ ಅಂತ ರಜೆ ಕೊಟ್ಟವ್ರೆ, ನಾನು ಪುಸ್ತಕನ ಬೀಸಣಿಗೆ ಮಾಡ್ಕಂಡು ಕೂತಿದೀನಿ. ಕರೀದೇ ಬರೋ ಗಾಳಿ ಎಲ್ಲೋ ಹೋಗ್ಬುಟ್ಟೈತೆ.

“ಹಂಗಾರೆ ಫ್ಯಾನ್ ಹಾಕ್ಸಿ ತಾತ,” ಅಂದೆ.

“ಫ್ಯಾನ್ ಹಾಕ್ಸಿದ್ರೆ ತಲೆ ಮೇಲೆ ತಿರುಗ್ತಿರತ್ತೆ, ಅವನಿಗೆ ಕಾಣಲ್ವಾ? ನಗ್ತಾನೆ. ಏಸಿ ಆದ್ರೆ ಗೋಡೇಲಿ ಸುಮ್ನಿರತ್ತೆ. ಮುಂದೊಂದು ಪರದೆ ಎಳೆದ್ರಾಯ್ತು. ನಮ್ಮೂರ ಗಾಳಿ ಅನ್ಕಂಡು ಮಲಗ್ತಾನೆ.”

ಅಯ್ಯೋ ನನ್ ತಾತ! ಮುಂದಿನ ರೂಮಿನ ಗೋಡೆ ಅಳೆಯಕ್ಕೆ ಟೇಪ್ ಬೇರೆ ಹಿಡ್ಕಂಡಿದ್ರು.

ಅಪ್ಪ ಪಕ್ಕದ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್. ಮನೆಗೆ ಬಂದು ವಿಷಯ ಕೇಳಿ, “ಮಿಕ್ಸಿ ಹಾಕಿದ್ರೇ ಬಲ್ಬು ಕಣ್ ಮುಚ್ಚತ್ತೆ, ಇನ್ನು ಏಸಿನಾ? ಬಿಲ್ ನೋಡ್ದಾಗ ಬರೋ ಬೆವರು ಒರೆಸಕ್ಕೆ ಇನ್ನೊಂದು ಏಸಿ ಬೇಕು,” ಅಂದ್ರು. ತಾತ ಜಗ್ಲಿಲ್ಲ.

ಜಗ್ಗಿಸಿದ್ದು ಅಜ್ಜಿ. ದೇವರ ಮುಂದೆ ಹಾಕಿದ ಧೂಪದ ಬಟ್ಲನ್ನ ಆ ರೂಮಿಗೆ ತಂದು ಮಧ್ಯದಲ್ಲಿಡ್ತು. ಕಿಟಕಿ, ಬಾಗಿಲು ಎಲ್ಲ ಮುಚ್ಚು ಅಂತು. ಮುಚ್ಚಿ ಹೊರಗೆ ಬಂದು ನಿಂತ್ವಿ. ಒಂಚೂರು ಹೊತ್ತಿಗೆ ಹೆಂಚಿನ ಸಂದಿ, ಕಿಟಕಿ ಸಂದಿ, ಬಾಗಿಲ ಕೆಳಗೆ, ಎಲ್ಲಾ ಕಡೆಯಿಂದ ಹೊಗೆ ಮೆಲ್ಲಗೆ ಹೊರಗೆ ಬಂತು. ಬೆಂಕಿ ಬಿತ್ತಾ ಅಂತ ಪಕ್ಕದ್ಮನೆ ಸುಲೋಚನಮ್ಮ ಬಿಂದಿಗೆ ನೀರು ಹಿಡ್ಕಂಡು ಓಡಿ ಬಂದ್ರು.

“ನೋಡ್ರೀ, ನಿಮ್ ಏಸಿ ತಂಪೂ ಹಿಂಗೇ ಊರೆಲ್ಲ ತಿರುಗಾಡ್ಕಂಡು ಬರತ್ತೆ. ಸುಲೋಚನಂಗೆ ಪುಕ್ಸಟ್ಟೆ,” ಅಂತು ಅಜ್ಜಿ.

ತಾತ ಟೇಪ್ ಸುತ್ತಿ ಜೇಬಿಗೆ ಹಾಕ್ಕಂಡು, “ಹೋಗ್ಲಿ, ಫ್ಯಾನೇ ಇರ್ಲಿ,” ಅಂದ್ರು.

ಮಾರನೇ ದಿನ ಬೆಳಿಗ್ಗೆ ಬಿಂದು ಅಣ್ಣ ಅಭಿಲಾಷ್ ಬೈಕಲ್ಲಿ ಫ್ಯಾನ್ ಡಬ್ಬ ಕಟ್ಕಂಡು ಬಂದ. ಎಸ್ಟೇಟ್ ಕೂಲಿಯೋರ ಲೈನ್ ಮನೆಗಳಿಗೆಲ್ಲ ವೈರಿಂಗ್ ಮಾಡೋದು ಅವ್ನೇ. ಆ ರೂಮಿನ ತೊಲೆಯಲ್ಲಿ ಹಳೇ ಕಬ್ಬಿಣದ ಕೊಂಡಿ ಐತೆ, ಅಪ್ಪನ್ನ, ಆಮೇಲೆ ನನ್ನ ತೊಟ್ಲಲ್ಲಿ ಹಾಕಿ ತೂಗಿದ್ದು. ಅಭಿಯಣ್ಣ ಏಣಿ ಹತ್ತಿ ಅದನ್ನ ಹಿಡ್ಕಂಡು ಜೋತು ಬಿದ್ದ.

“ಗಟ್ಟಿ ಐತೆ ತಾತ. ಮಧು ಹಾರಾಟನೇ ತಡ್ಕಂಡೈತೆ, ಫ್ಯಾನ್ ಯಾವ ಲೆಕ್ಕ?”

“ಕೆಳಗಿಳಿ, ಆಮೇಲೆ ಮಾತಾಡು,” ಅಂದೆ ನಾನು.

ಫ್ಯಾನ್ ತಿರುಗ್ತು. ಹಗೂರಕ್ಕೆ ಕಟಕ್ ಕಟಕ್ ಅಂತಿತ್ತು. ಸದ್ದು ಸರಿ ಮಾಡಕ್ಕೆ ಇನ್ನೊಂದಿನ ಬರ್ತೀನಿ ಅಂದ ಅಭಿಯಣ್ಣ, ಕಾಫಿ ಕುಡಿದು ಹೊರಟ.

ಆಮೇಲೆ ಶುರುವಾಯ್ತು ತಾತನ ಕಥೆ. ಮಧ್ಯಾಹ್ನ ನೋಡ್ತೀನಿ, ಆ ರೂಮಿನ ಬಾಗಿಲು ಹಾಕೈತೆ. ಕೆಳಗೆ ಸಂದಿಗೆ ಗೋಣಿಚೀಲ ತುರುಕವ್ರೆ. ಒಳಗೆ ಯಾರೂ ಇಲ್ಲ, ಫ್ಯಾನ್ ಮಾತ್ರ ಫುಲ್ ಸ್ಪೀಡಲ್ಲಿ ತಿರುಗ್ತಾ ಐತೆ.

“ತಾತ, ಇದ್ಯಾಕೆ?”

“ಬೆಳಿಗ್ಗೆಯಿಂದ ಹಾಕಿದೀನಿ ಕಣೇ. ಮುಂದಿನ ವಾರ ಮಹಾದೇವ ಬರೋ ಹೊತ್ತಿಗೆ ರೂಮು ತಣ್ಣಗಾಗ್ಲಿ. ಬಾಗಿಲು ತೆಗೀಬೇಡ, ತಂಪು ಆಚೆ ಹೋಯ್ತದೆ!”

ತೆಗೆದೆ. ಒಳಗೆ ಕಾವಲಿ ಥರ ಸುಡ್ತಿತ್ತು. ತಾತನ ಮುಖ ನೋಡ್ಬೇಕಿತ್ತು ನೀವು. “ಮೋಸ!” ಅಂದ್ರು. ನಂಗೆ ನಗು ತಡೆಯಕ್ಕಾಗ್ದೆ ಹೊಟ್ಟೆ ಹಿಡ್ಕಂಡು ಕೂತ್ಕಂಡೆ.

“ತಾತ, ಫ್ಯಾನು ರೂಮ್ ತಣ್ಣಗೆ ಮಾಡಲ್ಲ. ನಿಮ್ಮ ಮೈ ಮೇಲಿನ ಬೆವರು ಆರ್ಸತ್ತೆ, ಅದಕ್ಕೆ ತಂಪು ಅನ್ಸದು. ಮನುಷ್ಯ ಇದ್ರೇ ಅದಕ್ಕೆ ಕೆಲಸ. ಯಾರೂ ಇಲ್ದೆ ತಿರುಗಿದ್ರೆ ಬರೀ ಕರೆಂಟ್ ದಂಡ.”

“ಹಂಗಾ?”

“ಹಂಗೇ. ಬಿಸಿಲು ಹೊತ್ತಲ್ಲಿ ಪರದೆ ಎಳೀರಿ. ಹೊತ್ತು ಮುಳುಗಿದ್ಮೇಲೆ ಕಿಟಕಿ ತೆಗೀರಿ, ಹೊರಗಿನ ತಂಪು ಬರ್ಲಿ. ಆಗ ಫ್ಯಾನ್ ಹಾಕ್ಕಂಡು ಅದರಡಿ ಮಲಗಿ.”

ಸಾಯಂಕಾಲ ಹಂಗೇ ಮಾಡಿದ್ವಿ. ತಾತ ಮಂಚದ ಮೇಲೆ ಕಾಲು ಚಾಚಿದ್ರು. ಪಂಚೆ ಅಂಚು ಪಟಪಟ ಅಂತು. ಕಣ್ ಮುಚ್ಚಿ “ಆಹಾ” ಅಂದ್ರು, ಒಂದ್ಸಲ ಅಲ್ಲ, ಮೂರ್ನಾಲ್ಕು ಸಲ. ಅಷ್ಟೊತ್ತಿಗೆ ಫೋನ್ ಬಂತು. ಮಹಾದೇವಯ್ಯ ತಾತ! ನಾನೇ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟೆ.

“ಲೋ ದೇವೀರ, ಏನೋ ಅದು ಕಟಕ್ ಕಟಕ್ ಅಂತ ಸದ್ದು?”

ತಾತ ಎದ್ದು ಕೂತ್ರು. “ಅದಾ? ಮಿಕ್ಸಿ ಕಣೋ.”

ಅಡುಗೆಮನೆಯಿಂದ ಅಜ್ಜಿ ಕೂಗ್ತು, “ಮಿಕ್ಸಿ ಇಲ್ಲಿ ನನ್ ಹತ್ರ ಐತೆ!”

ತಾತ ನನ್ ಕಡೆ ನೋಡಿದ್ರು. ನಾನು ತೊಲೆ ಕಡೆ ನೋಡಿದೆ.

“...ಫ್ಯಾನ್ ಹಾಕ್ಸಿದೀನಿ ಕಣೋ ಮಹಾದೇವ,” ಅಂದ್ರು ಮೆತ್ತಗೆ. “ನಗು ಈಗ, ಎಷ್ಟ್ ಬೇಕೋ ಅಷ್ಟು.”

ಆ ಕಡೆಯಿಂದ ನಗು ಬದ್ಲು ಬೈಗುಳ ಬಂತು.

“ಅಲ್ವೋ, ಈ ಕೆಲಸ ಮೊದ್ಲೇ ಮಾಡಕ್ಕೇನಾಗಿತ್ತೋ ನಿಂಗೆ? ನಮ್ ಹಾಸ್ಟೆಲ್ ಫ್ಯಾನ್ ಅಭ್ಯಾಸ ಆದಾಗಿಂದ, ಆ ಸದ್ದಿಲ್ದೆ ನಂಗೆ ನಿದ್ದೆ ಬರಲ್ಲ ಕಣೋ! ಮೊದಲ್ನೇ ಸಲ ನಿಮ್ಮನೇಲಿ ಮಲಗಿದ್ದೆ, ನೆನಪೈತಾ? ಬೆಳಗಾಗೋವರ್ಗೂ ಜೀರುಂಡೆ ಕೇಳ್ಕಂಡು ಕಣ್ ಬಿಟ್ಕಂಡಿದ್ದೆ. ಆವತ್ತಿಂದ ಬಸ್ ಹಿಡಿಯೋದೇ.”

“ಹೇಳ್ಬಾರ್ದಿತ್ತಾ?”

“ನೀನು ಎಲ್ಲಿ ಹೇಳಕ್ಕೆ ಬಿಟ್ಟೆ? ಬಾಗ್ಲಲ್ಲೇ ಶುರು ಮಾಡ್ತಿದ್ದೆ, ನಮ್ಮನೆಗೆ ಫ್ಯಾನ್ ಬೇಡ ಮಾರಾಯ, ನಮ್ಮನೆಗೆ ಫ್ಯಾನ್ ಬೇಡ ಮಾರಾಯ ಅಂತ.”

ಅಜ್ಜಿ ಸೌಟು ಹಿಡ್ಕಂಡೇ ಬಂದು ಬಾಗಿಲಲ್ಲಿ ನಿಂತಿತ್ತು. “ಏನ್ರೀ, ನನ್ ಕಡುಬು ಗಟ್ಟಿ ಆಗಿತ್ತು ಅಲ್ವಾ?”

“ಕಡುಬಾ?” ಅಂತು ಫೋನು. “ವಿಶಾಲಮ್ಮ, ನಿಮ್ ಕಡುಬು ನೆನೆಸ್ಕಂಡ್ರೆ ಈಗ್ಲೂ ಬಾಯಲ್ಲಿ ನೀರು ಬರತ್ತೆ.”

ತಾತ ತಲೆ ಕೆರ್ಕಂಡ್ರು. ಅಜ್ಜಿ ಸೆರಗಲ್ಲಿ ಬಾಯಿ ಮುಚ್ಕಂಡು ನಗ್ತಿತ್ತು. ನಾನು ಒಂದು ಕೈಯಲ್ಲಿ ಬಿಂದುಗೆ ಮೆಸೇಜ್ ಹೊಡೀತಿದ್ದೆ, ಸದ್ದು ಸರಿ ಮಾಡಕ್ಕೆ ಅಭಿಯಣ್ಣ ಬರೋದು ಬೇಡ ಅಂತ.

“ಲೋ, ಮುಂದಿನ ವಾರ ಯಾಕೆ? ನಾಳೆನೇ ಬರ್ತೀನಿ,” ಅಂದ್ರು ಮಹಾದೇವಯ್ಯ ತಾತ. “ಎರಡು ದಿನ ಇರ್ತೀನಿ. ಸಕಲೇಶಪುರದಿಂದ ಹನ್ನೊಂದರ ಬಸ್ಸು. ಯಸಳೂರು ಸ್ಟಾಪಲ್ಲಿ ಬಂದು ನಿಂತಿರು.”

“ನಿಂತಿರ್ತೀನಿ ಬಾರೋ,” ಅಂದ್ರು ತಾತ. ಆಮೇಲೆ ನನ್ ಕಡೆ ಒಂದ್ಸಲ ನೋಡಿ, ಗತ್ತಲ್ಲಿ, “ಫ್ಯಾನ್ ಆಫ್ ಮಾಡೇ ಬರ್ತೀನಿ.”