ಲಚ್ಚಿಯ ಹೊಟ್ಟೆ

ಬಂಗುಡೆ ಮೀನಿನ ಹೊಟ್ಟೆ ಒತ್ತಿ ನೋಡಿ ಒಳಗೆ ಮೊಟ್ಟೆಯಿದೆಯೋ ಇಲ್ಲವೋ ಹೇಳುವುದರಲ್ಲಿ ನಾವುಂದದ ಮುತ್ತನನ್ನು ಮೀರಿಸಿದವರಿಲ್ಲ. ಆ ಹೆಮ್ಮೆಯಲ್ಲೇ, ಕಡಲ ದಂಡೆಯಲ್ಲಿ ಸವಾರಿ ಮಾಡಿಸಲೆಂದು ತಂದ ಹೆಣ್ಣು ಕುದುರೆ ಲಚ್ಚಿಯ ಹೊಟ್ಟೆಯನ್ನೂ ಒತ್ತಿ, "ಬಸ್ರಿ" ಎಂದುಬಿಟ್ಟ. ಪಕ್ಕೆಲುಬು ಎಣಿಸುವಂತಿದ್ದರೂ ಹೊಟ್ಟೆ ಮಾತ್ರ ಜೋತುಬಿದ್ದಿತ್ತು. ಮಾತು ಕೇರಿಯೆಲ್ಲ ಸುತ್ತಿತು. ಪಕ್ಕದ ಮನೆಯ ಜಲಜಕ್ಕ ಹೆಂಗಸರನ್ನು ಕೂಡಿಸಿಕೊಂಡು ಬಂದು ಲಚ್ಚಿಯ ಜುಟ್ಟಿಗೆ ಮಲ್ಲಿಗೆ ಮುಡಿಸಿ, ಬಯಕೆಯೆಂದು ಬೆಲ್ಲ ತಿನ್ನಿಸಿದಳು. ಮುತ್ತ ದಿನವೂ ಕಡಲಿಗೆ ಕೈಮುಗಿದು ತಾಯಿ-ಮರಿ ಸುಖವಾಗಿರಲೆಂದು ಬೇಡಿಕೊಂಡ.

ಲಚ್ಚಿ ಮೇವು ಬಿಟ್ಟಾಗ ದನದ ಡಾಕ್ಟರು ಧನ್ಯಶ್ರೀ ಬಂದರು.

"ತಂದ್ ಎಷ್ಟ್ ಸಮಯ ಆಯ್ತ್ ಮುತ್ತಣ್ಣ?"

"ಹದಿನಾಲ್ಕ್ ತಿಂಗ್ಳ್. ಇಲ್ಲಿಗ್ ಬಪ್ಪತಿಗೇ ಗಬ್ಬ ಇದ್ದಿರ್ಕ್."

"ಕುದ್ರಿಗೆ ಹನ್ನೊಂದೇ ತಿಂಗ್ಳ್ ಮಾರಾಯ್ರೆ. ಇದೆಂತ, ಓವರ್‌ಟೈಮಾ?"

ಅವರು ಲದ್ದಿ ಒಯ್ದು ಪರೀಕ್ಷಿಸಿ, ಸಂಜೆ ಮದ್ದು ಹಿಡಿದು ಮತ್ತೆ ಬಂದರು. ಒಳಗಿದ್ದದ್ದು ಮರಿಯಲ್ಲ, ಹುಳ.

"ಲದ್ದಿ ಎಲ್ಲಿ ಹಾಕುದ್?"

"ಅದ್ ಮೇಯು ಜಾಗಕ್ಕೇ, ಹುಲ್ಲ್ ಲಾಯ್ಕ್ ಬರ್ಲಿ ಅಂದೇಳಿ. ಜಲಜಕ್ಕನೂ ತನ್ನ್ ಹಿತ್ಲಿಗೆ ಕೊಂಡೋಯಿ ಹಾಕುದ್. ಆ ಹುಲ್ಲೇ ಬಸ್ರಿಗ್ ಅಂದೇಳಿ ತಂದ್ ಕೊಡುದ್."

"ಲದ್ದಿಯಗಿನ್ ಹುಳ ಹುಲ್ಲ್ ಹತ್ತತ್ತ್. ಅದನ್ನೇ ತಿಂದ್ರೆ ಮತ್ತೆ ಹೊಟ್ಟಿಗೇ. ದಿನಾ ಹೆಕ್ಕಿ ದೂರ ಗುಂಡಿಗ್ ಹಾಕಿ. ಹದಿನೈದ್ ದಿನ ಬಿಟ್ ಮತ್ತೊಮ್ಮೆ ಲದ್ದಿ ಕಾಂಬ."

ಮುತ್ತನ ಕಿವಿ ಬಿಸಿಯಾಯಿತು. ತನ್ನ ಕೈಯಾರೆ ಉಣಿಸಿದ್ದು! ಮೆಲ್ಲಗೆ ಕೇಳಿದ: "ಕೇರಿಯರಿಗ್ ಹೇಳ್ದೇ ಇದ್ರೆ ಆತಿಲ್ಯಾ?"

"ಹೇಳ್ದೇ ಇದ್ರೆ ಆ ಹುಲ್ಲ್ ಬಪ್ಪುದ್ ನಿಲ್ಲತ್ತಾ? ಮತ್ತೆ ಮದ್ದ್ ಎಂತಕ್ಕೆ?"

ಬೇಲಿಯವರೆಗಿನ ಹತ್ತು ಹೆಜ್ಜೆ ಹತ್ತು ಹರಿದಾರಿಯಾಯಿತು. ಜಲಜಕ್ಕ ಹುಲ್ಲಿನ ಕಟ್ಟು ಹಿಡಿದೇ ನಿಂತಿದ್ದಳು.

"ಜಲಜಕ್ಕ, ಆ ಹುಲ್ಲ್ ಬೇಡ. ಲಚ್ಚಿ ಬಸ್ರಿ ಅಲ್ಲ. ಹೊಟ್ಟಿ ತುಂಬ ಹುಳ. ತಪ್ಪ್ ನಂದೇ."

ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ಮೊಟ್ಟಿ ಇತ್ತ್ ಅಂದದ್ ಸುಳ್ಳಲ್ಲ ಬಿಡ ಮುತ್ತ, ಹುಳಿನ್ ಮೊಟ್ಟಿ!" ಆಮೇಲೆ ನಗು ನಿಂತಿತು. "ಪಾಪ, ಬಾಯಿಲ್ಲದ್ದ್. ನಾವೇ ತಿನ್ಸದ್ದ್."

ಆ 'ನಾವೇ' ಎಂಬ ಮಾತು ಅವನನ್ನು ಇನ್ನಷ್ಟು ಕುಗ್ಗಿಸಿತು.

ಮದ್ದು ಹಾಕುವಾಗ ಲಚ್ಚಿ ಕೊಸರಲಿಲ್ಲ. ಕಚ್ಚಿದ್ದರೆ ಚೆನ್ನಾಗಿತ್ತು. ನಂಬಿ ನುಂಗಿ, ಅವನ ಅಂಗೈ ನೆಕ್ಕಿತು. ಮುತ್ತ ಬುಟ್ಟಿ ಎತ್ತಿಕೊಂಡು ಲದ್ದಿ ಹೆಕ್ಕಲು ಬಗ್ಗಿದ. ಬಗ್ಗಿದವನಿಗೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.