ಕೊನೆಯ ಕಪ್ಪೆ, ಮೂರು ದಾರ

ಶನಿವಾರ ಮಧ್ಯಾಹ್ನ ಹಲ್ಲಿನ ಡಾಕ್ಟರಮ್ಮ ತಲೆಗೆ ಬಣ್ಣ ಹಾಕಿಸಿಕೊಳ್ಳಲು ಬಂದಾಗ, ಸಲೂನಿನ ಕನ್ನಡಿಯ ಮುಂದಿನ ಹಲಗೆಯ ಮೇಲೆ, ಬಾಚಣಿಗೆಗಳು ಇರಬೇಕಾದ ಜಾಗದಲ್ಲಿ, ಮೂರು ದಾರದ ಉರುಳೆಗಳೂ ಒಂದು ಮರದ ಕಪ್ಪೆಯೂ ಕೂತಿದ್ದವು. ಕಪ್ಪೆ ಹೆಬ್ಬೆರಳಿನಷ್ಟು ಉದ್ದ. ಬೆನ್ನು ಹಸಿರು, ಹೊಟ್ಟೆ ಬಿಳಿ, ಹೊಟ್ಟೆಯಡಿಯಲ್ಲಿ ಕೊಕ್ಕೆ, ಮೂತಿಯಲ್ಲಿ ದಾರ ಕಟ್ಟಲು ಸಣ್ಣದೊಂದು ತಂತಿಯ ಬಳೆ.

"ಇವರು ಯಾರು, ಹೊಸ ಗಿರಾಕಿನಾ?" ಎಂದರು ಡಾಕ್ಟರಮ್ಮ.

"ಇದಕ್ಕೆ ಕೂದಲೂ ಇಲ್ಲ, ಹಲ್ಲೂ ಇಲ್ಲ ಡಾಕ್ಟ್ರೇ. ನಮ್ಮಿಬ್ಬರಿಗೂ ಇದರಿಂದ ವ್ಯಾಪಾರ ಇಲ್ಲ," ಎಂದಳು ಸಲೂನಿನವಳು, ಅವರ ಕುತ್ತಿಗೆಗೆ ಟವಲು ಸುತ್ತುತ್ತ. "ಆದ್ರೂ ಇವತ್ತೆಲ್ಲಾ ಇದರದ್ದೇ ಕೆಲಸ."

ಕಪ್ಪೆಯನ್ನು ಕೆತ್ತಿದವರು ಅವಳ ಮಾವ. ನಲವತ್ತು ವರ್ಷ ದೋಣಿ ಮಾಡಿದ ಬಡಗಿ. ಈಗ ಸಲೂನಿನ ಮೇಲಿನ ಮಹಡಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಕಣ್ಣು ಮಂಜಾಗುವ ಮುಂಚೆ, ಎರಡು ವರ್ಷದ ಹಿಂದೆ, ಒಂದೇ ಮರದ ತುಂಡಿನಿಂದ ಇಂಥ ನಾಲ್ಕು ಕಪ್ಪೆ ಕೆತ್ತಿದ್ದರು. ಊರಾಚೆಯ ಕೆರೆಯಲ್ಲಿ ಬಾಸ್ ಮೀನು ಹಿಡಿಯಲಿಕ್ಕೆ. ಈ ಬಾಸ್ ಆಫೀಸಿನ ಬಾಸ್‌ನಂತೆಯೇ ಇರುತ್ತದೆ. ಬಾಯಿ ದೊಡ್ಡದು, ಕೂರುವುದು ನೆರಳಲ್ಲಿ, ತಲೆಯ ಮೇಲೆ ಯಾರಾದರೂ ಸ್ವಲ್ಪ ಕುಣಿದಾಡಿದರೆ ಎಗರಿ ಬಂದು ನುಂಗುತ್ತದೆ. ಆಮೇಲೆ ಏನು ಕೇಳಿದರೂ ಜೊಂಡಿನೊಳಗೆ ನುಗ್ಗಿ ಕೂರುತ್ತದೆ. ಅಲ್ಲಿಂದ ಎಳೆದು ತರಲು ಗಟ್ಟಿ ದಾರ ಬೇಕು. ಹಳೆಯ ಒಂಟೆಳೆಯ ನೈಲಾನ್ ತಂಗೂಸಿ ಅದಕ್ಕೆ ಸಾಲದು, ಜಡೆಯ ಹಾಗೆ ಹೆಣೆದ ದಾರವೇ ಆಗಬೇಕು ಎಂದು ಗಾಳದಂಗಡಿಯವನು ಹೇಳಿದ್ದ. ಮಾವ ತಂಗೂಸಿ ಬಿಟ್ಟು ಹೆಣೆದ ದಾರ ಹಿಡಿದರು. ಅಲ್ಲಿಂದ ಶುರುವಾಯಿತು ಕಪ್ಪೆಗಳ ವಿಯೋಗ.

ಮೊದಲನೆಯದು ನಾಲ್ಕೆಳೆಯ ಹಸಿರು ದಾರದಲ್ಲಿ ಹೋಯಿತು. ಎರಡನೆಯದು ಎಂಟೆಳೆಯ ಬೂದು ದಾರದಲ್ಲಿ. ಮೂರನೆಯದು ಮೇಣ ಸವರಿದ ಹಳದಿ ದಾರದಲ್ಲಿ. ಪ್ರತಿ ಸಲವೂ ಮೀನು ಎಗರಿದ್ದು ಕೇಳಿಸುತ್ತಿತ್ತು, ಕೋಲು ಬಾಗುತ್ತಿತ್ತು, ಮರುಕ್ಷಣ ಕೈ ಹಗುರ. ಪ್ರತಿ ಸಲವೂ ಮಾವ ಮನೆಗೆ ಬಂದು ಒಂದೇ ಮಾತು: "ದಾರ ಕೈಕೊಡ್ತು." ಉರುಳೆಯನ್ನು ಹಾಗೆಯೇ ಡಬ್ಬಿಗೆ ಎಸೆದು, ಇನ್ನೊಂದು ತರುತ್ತಿದ್ದರು. ಅಂಗಡಿಯವನಿಗೆ ಮಾತ್ರ ಬೇಸರವಿರಲಿಲ್ಲ.

"'ಯಜಮಾನ್ರೇ,'" ಎಂದು ಸೊಸೆ ಮೂಗು ಹಿಡಿದುಕೊಂಡು ಅವನ ದನಿ ತೆಗೆದಳು, "'ಯಜಮಾನ್ರೇ, ಇದು ಎಂಟೆಳೆ. ಆನೆ ಕಟ್ಟಿ. ಆನೆ ನಾಚ್ಕೊಂಡು ಕೂತ್ಕೊಳ್ಳತ್ತೆ.' ಹೋದ ತಿಂಗಳು ನಾಲ್ಕೆಳೆಗೂ ಆನೆನೇ ಕಟ್ಟಿದ್ದ."

ಡಾಕ್ಟರಮ್ಮ ಅಲುಗಾಡಿ ನಕ್ಕರು. "ತಲೆ ಆಡಿಸಬೇಡಿ, ಬಣ್ಣ ಹಣೆಗೆ ಬರುತ್ತೆ," ಎಂದಳು ಸೊಸೆ. "ಈಗ ಉಳಿದಿರೋದು ಇದೊಂದೇ ಕಪ್ಪೆ. ನಿನ್ನೆ ಮಾವ ಮೂರೂ ಉರುಳೆ ತಂದು ಇಲ್ಲಿಟ್ರು. 'ನೀನು ದಿನಾ ಜಡೆ ಹೆಣೆಯೋಳು ಕಣಮ್ಮಾ, ಇವೂ ಜಡೆನೇ. ಯಾವುದು ಗಟ್ಟಿ ನೋಡಿ ಹೇಳು. ನೀನು ಹೂಂ ಅಂದಿದ್ದಕ್ಕೆ ಇದನ್ನ ಕಟ್ತೀನಿ. ಇಲ್ಲಾಂದ್ರೆ ಇದು ಕನ್ನಡಿ ನೋಡ್ಕೊಂಡು ಇಲ್ಲೇ ಇರಲಿ,' ಅಂದ್ರು."

ಇನ್ನೊಂದು ಕೆತ್ತುವುದು ಅವರಿಂದ ಆಗದು. ಅದನ್ನು ಅವರೂ ಹೇಳಿರಲಿಲ್ಲ, ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಉಳಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದರು, ಅಷ್ಟೆ.

ಬಣ್ಣ ಹಿಡಿಯಲು ನಲವತ್ತು ನಿಮಿಷ. ಆ ನಲವತ್ತು ನಿಮಿಷ ಡಾಕ್ಟರಮ್ಮ ಸುಮ್ಮನೆ ಕೂರುವ ಪೈಕಿಯಲ್ಲ. ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಸಿಕೊಂಡು ಪರೀಕ್ಷೆಗೆ ನಿಂತೇಬಿಟ್ಟರು.

ಸೊಸೆ ಮೂರೂ ದಾರಗಳ ತುದಿಗಳನ್ನು ಒಂದೊಂದು ಬೆರಳುದ್ದ ಕಚಕ್ ಕಚಕ್ ಎಂದು ಕತ್ತರಿಸಿ ನೆಲಕ್ಕೆ ಬಿಟ್ಟಳು. ಯಾವ ತಲೆ ಬಂದರೂ ಅವಳ ಮೊದಲ ಕೆಲಸ ಅದೇ. ತುದಿ ಯಾವಾಗಲೂ ಹಾಳಾಗಿರುತ್ತದೆ, ತೆಗೆದೇ ಕೆಲಸ ಶುರು ಮಾಡಬೇಕು ಎಂದು ಅವಳ ಕೈಗೆ ಗೊತ್ತು. ಆಮೇಲೆ ಪ್ರಯಾಣದ ಪೆಟ್ಟಿಗೆ ತೂಗುವ ಕೈತಕ್ಕಡಿಯ ಕೊಕ್ಕೆಗೆ ಹಸಿರು ದಾರ ಕಟ್ಟಿ, ಇನ್ನೊಂದು ತುದಿಯನ್ನು ಬಾಚಣಿಗೆಯ ಹಿಡಿಗೆ ಸುತ್ತಿದಳು. ಬರಿಗೈಗೆ ಸುತ್ತಿದರೆ ಬೆರಳನ್ನು ಬೆಣ್ಣೆಯಂತೆ ಕೊಯ್ಯುವ ದಾರ ಅದು.

"ಎಳೀರಿ."

ಡಾಕ್ಟರಮ್ಮ ಹಲ್ಲು ಕೀಳುವ ಭಂಗಿಯಲ್ಲಿ ಕಾಲು ಅಗಲಿಸಿ ಎಳೆದರು. ಐದು ಕಿಲೋ. ಎಂಟು. ಹನ್ನೊಂದರಲ್ಲಿ ಟಪ್. ಬೂದು ದಾರ ಹನ್ನೆರಡಕ್ಕೆ ಹೋಯಿತು. ಹಳದಿ ಹನ್ನೊಂದೂವರೆ.

"ಬೂದು ಗೆದ್ದಿತು," ಎಂದರು ಡಾಕ್ಟರಮ್ಮ, ಏದುಸಿರಿನಲ್ಲಿ.

"ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಗೆಲುವು ಅಂತಾರಾ? ಇರಿ."

ಉಗುರು ಉಜ್ಜುವ ಅರದ ಮೇಲೆ ಮೂರನ್ನೂ ತಿಕ್ಕಿದಳು. ಇಲ್ಲಿ ಲೆಕ್ಕ ತಿರುಗಿತು. ನಾಲ್ಕೆಳೆಯ ಒಂದೊಂದು ಎಳೆಯೂ ದಪ್ಪ, ಅದು ನಲವತ್ತು ತಿಕ್ಕಿಗೂ ಬಗ್ಗಲಿಲ್ಲ. ಎಂಟೆಳೆಯದು ರೇಷ್ಮೆಯಂತೆ ನುಣುಪು, ಆದರೆ ಇಪ್ಪತ್ತೈದಕ್ಕೇ ಎಳೆ ಬಿಟ್ಟುಕೊಂಡಿತು. ಹಳದಿಯ ಮೇಣವೆಲ್ಲ ಅರಕ್ಕೆ ಮೆತ್ತಿತು. ಉಂಗುರದೊಳಗೆ ಹಾಯಿಸಿ ಕಿವಿಗೊಟ್ಟರೆ ನಾಲ್ಕೆಳೆ ಗರ್ರ್ ಎಂದು ಗೊಣಗಿತು, ಎಂಟೆಳೆ ಸುಯ್ ಎಂದಷ್ಟೇ ಉಸಿರಾಡಿತು. ನೀರಲ್ಲಿ ನೆನೆಸಿ ಎಳೆದರು. ಒದ್ದೆಯಾದರೂ ಅಷ್ಟೇ ಗಟ್ಟಿ.

"ಹಸಿರು ನಮ್ಮನೆಯವರ ಹಾಗೆ," ಎಂದಳು ಸೊಸೆ. "ಒರಟು, ಗೊಣಗಾಟ ಜಾಸ್ತಿ, ಆದ್ರೆ ಜೊಂಡನ್ನ ಗರಗಸದ ಥರ ಕೊಯ್ಯತ್ತೆ. ಬೂದು ನಮ್ಮ ನಾದಿನಿ. ಎಷ್ಟು ದೂರ ಎಸೆದರೂ ಸದ್ದಿಲ್ಲ."

"ಸರಿ, ಹಸಿರಿಗೆ ಹೂಂ ಅನ್ನಿ. ಮುಗೀತು."

ಆದರೆ ಅವಳು ಹೂಂ ಅನ್ನಲಿಲ್ಲ. ತಕ್ಕಡಿಯನ್ನೇ ನೋಡುತ್ತ ನಿಂತಳು. ಕೆರೆಯ ಅತಿ ದೊಡ್ಡ ಬಾಸ್ ಎಂದರೂ ಮೂರು ಕಿಲೋ. ಅದು ಸಿಟ್ಟು ಬಂದು ಎಳೆದರೂ ಹನ್ನೊಂದು ಕಿಲೋ ಎಲ್ಲಿಂದ ಬರಬೇಕು? ಒಂದು ದಾರ ಕೈಕೊಟ್ಟರೆ ದಾರದ ತಪ್ಪು. ಮೂರು ಸಲ ತಂದ, ಮೂರು ಬಣ್ಣದ, ಮೂರು ಜಾತಿಯ ದಾರಗಳು ಮಾತಾಡಿಕೊಂಡವರ ಹಾಗೆ ಕೈಕೊಟ್ಟರೆ?

"ಡಾಕ್ಟ್ರೇ, ಹಲ್ಲು ತಾನಾಗೇ ಬಿದ್ದಿದ್ದಾ, ಮುರಿದಿದ್ದಾ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಮುರಿದ ಜಾಗ ನೋಡ್ತೀನಿ."

ಸೊಸೆಯ ಕೈ ತನ್ನಷ್ಟಕ್ಕೆ ಹಣೆಗೆ ಹೋಯಿತು. ಮುರಿದ ಜಾಗ. ಮೀನು ಕಪ್ಪೆಯನ್ನು ಕಿತ್ತುಕೊಂಡು ಹೋದ ಮೇಲೆ ಉಳಿದಿದ್ದ ಮೂರು ತುದಿಗಳು. ಅವನ್ನು ತಾನೇ ಮೊದಲು ಕತ್ತರಿಸಿ ಬಿಸಾಕಿದ್ದಳು. ಆಮೇಲೆ ಗುಡಿಸಿಯೂ ಇದ್ದಳು.

ಬೆಳಿಗ್ಗೆಯಿಂದ ಆರು ತಲೆ ಕತ್ತರಿಸಿದ ಕೂದಲೆಲ್ಲ ಮೂಲೆಯ ಬುಟ್ಟಿಯಲ್ಲಿತ್ತು. ಹಳೆಯ ಪತ್ರಿಕೆ ಹಾಸಿ ಸುರುವಿದರು. ಕಪ್ಪು, ಕಂದು, ಅರೆನರೆ, ಬ್ಯಾಂಕ್ ಮ್ಯಾನೇಜರರ ಗುಂಗುರು. ಇಬ್ಬರೂ ಮೊಣಕಾಲೂರಿ ಕೂತು ಹುಡುಕಿದರು. ಡಾಕ್ಟರಮ್ಮ ಚೀಲದಿಂದ ಹಲ್ಲು ನೋಡುವ ಭೂತಗನ್ನಡಿಯ ಕನ್ನಡಕ ತೆಗೆದು, ಪ್ಲಾಸ್ಟಿಕ್ ಟೋಪಿಯ ಮೇಲೆಯೇ ಹಾಕಿಕೊಂಡರು. ಹಳದಿ ಬೇಗ ಸಿಕ್ಕಿತು. ಹಸಿರೂ ಸಿಕ್ಕಿತು. ಬೂದು ಮಾತ್ರ ಅರೆನರೆಯ ನಡುವೆ ಅಡಗಿಕೊಂಡು ಕಾಲು ಗಂಟೆ ಸತಾಯಿಸಿತು.

"ನೋಡಿ, ಇವು ಈಗ ನಾವು ಎಳೆದು ತುಂಡು ಮಾಡಿದ ತುದಿಗಳು," ಎಂದಳು ಸೊಸೆ. ಕನ್ನಡಕದೊಳಗೆ ಅವು ಪೊರಕೆಯಂತೆ ಬಿಚ್ಚಿಕೊಂಡು, ಎಣ್ಣೆ ಕಾಣದ ಕೂದಲಿನಂತೆ ಸೀಳಿದ್ದವು. "ಇವು ಕೆರೆಯಿಂದ ಬಂದವು."

ಕೆರೆಯಿಂದ ಬಂದ ಮೂರೂ ಸೀಳಿರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿದಷ್ಟು ನೀಟಾಗಿದ್ದವು. ಮೂರೂ ತುದಿಯಲ್ಲಿ ಹಂದಿಮರಿಯ ಬಾಲದಂತೆ ಸುರುಳಿ ಸುತ್ತಿಕೊಂಡಿದ್ದವು.

ಇಪ್ಪತ್ತು ವರ್ಷದಿಂದ ಸುರುಳಿ ಕೂದಲು ಮಾಡಿಕೊಟ್ಟವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬಿಗಿಯಾಗಿ ಸುತ್ತಿದ್ದನ್ನು ಬಿಚ್ಚಿದರೆ ಮಾತ್ರ ಅಂಥ ಸುರುಳಿ ಉಳಿಯುತ್ತದೆ.

"ದಾರ ತುಂಡಾಗೇ ಇಲ್ಲ," ಎಂದಳು. "ಗಂಟು ಬಿಚ್ಕೊಂಡಿದೆ."

"ಗಂಟು ಹಾಕಿದ್ದು ಯಾರು?"

ಅವಳು ಮೇಲಿನ ಮಹಡಿಯ ಕಡೆ ನೋಡಿದಳು. ಮೂವತ್ತು ವರ್ಷದಿಂದ ಮಾವ ಒಂದೇ ಗಂಟು ಹಾಕುತ್ತ ಬಂದಿದ್ದರು. ಬಳೆಯೊಳಗೆ ತೂರಿಸಿ, ದಾರಕ್ಕೇ ಐದು ಸುತ್ತು ಸುತ್ತಿ, ಬಾಲವನ್ನು ಒಳಗೆ ಸಿಕ್ಕಿಸುವುದು. ತಂಗೂಸಿಗೆ ಅದು ಭದ್ರ. ನುಣುಪಾದ ಹೆಣೆದ ದಾರ ಎಳೆದಾಗ ಅದರೊಳಗಿಂದ ಹಾವಿನಂತೆ ಜಾರುತ್ತದೆ. ಪರೀಕ್ಷೆಯಲ್ಲಿ ಮಾತ್ರ ಇದು ಗೊತ್ತಾಗಿರಲಿಲ್ಲ, ಏಕೆಂದರೆ ಅವಳು ಹಾಕಿದ್ದು ಕೃತಕ ಕೂದಲಿನ ಎಸಳು ಕಟ್ಟುವ ತನ್ನ ಜೋಡಿ ಗಂಟು.

"ಹೇಳಿಬಿಡಿ. ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದರು ಡಾಕ್ಟರಮ್ಮ.

"ಅಪ್ಪನ ಗಂಟಲ್ಲ ಡಾಕ್ಟ್ರೇ, ಮಾವನ ಗಂಟು. ಅದೇ ಕಷ್ಟ."

ಅಷ್ಟರಲ್ಲಿ ನಲವತ್ತು ನಿಮಿಷ ಹೋಗಿ ಎಪ್ಪತ್ತಾಗಿತ್ತು. ಡಾಕ್ಟರಮ್ಮನ ತಲೆ ಕಂದು ಆಗುವ ಬದಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅವರು ಕನ್ನಡಿ ನೋಡಿ, "ಪರವಾಗಿಲ್ಲ ಬಿಡಿ, ನನ್ನ ಪೇಷಂಟುಗಳು ಕಣ್ಣು ಮುಚ್ಕೊಂಡೇ ಇರ್ತಾರೆ," ಎಂದು ಹೊರಟರು.

ಸಂಜೆ ಮಾವ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದರು. "ಏನಾಯ್ತಮ್ಮಾ? ಯಾವುದು?"

"ಹಸಿರು ಮಾವ. ಆದ್ರೆ ಒಂದು ಸಲ ನೀವೇ ಕಟ್ಟಿ ಕೊಡಿ. ನನ್ನ ಕೈಯಲ್ಲಿ ನೋಡಿದ್ದಾಯ್ತು, ನಿಮ್ಮ ಕೈಯಲ್ಲೂ ನೋಡೋಣ."

ತಕ್ಕಡಿಯ ಕೊಕ್ಕೆಗೆ ಅವರು ಕಟ್ಟಿದರು. ಕಣ್ಣು ಬೇಕಾಗಿರಲಿಲ್ಲ. ಬೆರಳು ಐದು ಸುತ್ತನ್ನೂ ಎಣಿಸಿ ಸುತ್ತಿತು. ಅವಳು ಎಳೆದಳು. ಒಂದು, ಎರಡು, ಮೂರು ಕಿಲೋ. ದಾರ ಸದ್ದೇ ಇಲ್ಲದೆ ಜಾರಿ ಅವಳ ಕಡೆಗೆ ಬಂತು. ತುದಿಯಲ್ಲಿ ಪುಟ್ಟ ಸುರುಳಿ. ಅವಳು ಅದನ್ನು ಅವರ ಅಂಗೈಯಲ್ಲಿಟ್ಟಳು. ಪಕ್ಕದಲ್ಲಿ ಕೆರೆಯ ಮೂರು ಸುರುಳಿಗಳನ್ನೂ ಇಟ್ಟಳು.

ಮಾವ ಒಂದೊಂದನ್ನೇ ಹೆಬ್ಬೆರಳಿನಲ್ಲಿ ಸವರಿದರು. ಮುಖ ಗಂಟಿಕ್ಕಿತು.

"ಇನ್ನೊಂದು ಸಲ," ಎಂದರು.

ಇನ್ನೊಂದು ಸಲವೂ ಮೂರೇ ಕಿಲೋ.

"ಹಾಗಾದ್ರೆ ಮೂರೂ ಕಪ್ಪೇನ ನಾನೇ ಬಿಟ್ಟುಕೊಟ್ಟೆ," ಎಂದರು ಮಾವ. ಗೋಡೆ ಹಿಡಿದು ಮೆಟ್ಟಿಲು ಹತ್ತಿಬಿಟ್ಟರು. ಕಪ್ಪೆ ಕನ್ನಡಿಯ ಮುಂದೆಯೇ ಉಳಿಯುವ ಲಕ್ಷಣವಿತ್ತು.

ಬೆಳಿಗ್ಗೆ ಅವಳು ಸಲೂನಿನ ಬಾಗಿಲು ತೆಗೆದಾಗ ಮಾವ ಆಗಲೇ ಗಿರಾಕಿಯ ಕುರ್ಚಿಯಲ್ಲಿ ಕೂತಿದ್ದರು. ಹಿಂದಿನ ಬಾಗಿಲಿಂದ ಬಂದಿರಬೇಕು. ತೊಡೆಯ ಮೇಲೆ ತಮ್ಮ ಬೂಟಿನ ಲೇಸು.

"ನಾನೇ ಕಟ್ಟಿಕೊಡ್ತೀನಿ ಮಾವ, ಎರಡು ನಿಮಿಷ."

"ಬೇಡ. ಕಪ್ಪೆ ನಂದು, ಗಂಟೂ ನಂದೇ ಆಗಬೇಕು. ಹೇಳಿಕೊಡು."

ಅವಳು ಅವರ ಹಿಂದೆ ನಿಂತು, ಭುಜದ ಮೇಲಿಂದ ಕೈ ತಂದು ಅವರ ಬೆರಳುಗಳನ್ನು ಹಿಡಿದಳು. ಲೇಸನ್ನು ಜೋಡಿ ಮಾಡಿ ಟವಲು ಹಾಕುವ ಬಳೆಯೊಳಗೆ ತೂರಿಸಿದರು. ಸಡಿಲವಾಗಿ ಒಂದೇ ಒಂದು ಗಂಟು. ನಿಜವಾಗಿ ಕಟ್ಟುವಾಗ, ಉಳಿದ ಕುಣಿಕೆಯೊಳಗಿಂದ ಇಡೀ ಕಪ್ಪೆಯನ್ನು ದಾಟಿಸಬೇಕು, ಆಮೇಲೆ ಎಂಜಲಿನಿಂದ ಒದ್ದೆ ಮಾಡಿ ಬಿಗಿಯಬೇಕು.

"ಕಪ್ಪೇನ ಕುಣಿಕೆಯೊಳಗೆ ನುಗ್ಗಿಸೋದಾ? ಇದೇನು ಸರ್ಕಸ್ಸಾ?"

"ಹೂಂ, ಟಿಕೆಟ್ ಇಲ್ಲ, ನೋಡಿ."

"ಐದು ಸುತ್ತು ಸುತ್ತೋನಿಗೆ ಒಂದೇ ಗಂಟು ಅಂದ್ರೆ ನಂಬಿಕೆ ಬರಲ್ಲಮ್ಮ."

"ತಕ್ಕಡಿ ನಂಬಿ. ಅದಕ್ಕೆ ನಮ್ಮಿಬ್ಬರ ಮುಲಾಜೂ ಇಲ್ಲ."

ಹನ್ನೆರಡನೆಯ ಸಲಕ್ಕೆ ಬೆರಳುಗಳು ತಾವೇ ದಾರಿ ಕಂಡುಕೊಂಡವು. ಲೇಸು ಬಿಟ್ಟು ದಾರ ಹಿಡಿದರು. ತಕ್ಕಡಿ ಹತ್ತೂವರೆ ತೋರಿಸಿತು. ಮಾವ ಮೂಗು ಹಿಡಿದುಕೊಂಡು, ಜೀವಮಾನದಲ್ಲಿ ಮೊದಲ ಸಲ, ಇನ್ನೊಬ್ಬರ ದನಿ ತೆಗೆದರು: "'ಯಜಮಾನ್ರೇ, ಆನೆ ಕಟ್ಟಿ.'" ಸ್ವಲ್ಪವೂ ಹೋಲುತ್ತಿರಲಿಲ್ಲ. ಸೊಸೆ ಬಿದ್ದು ಬಿದ್ದು ನಕ್ಕಳು.

ಅವತ್ತು ಭಾನುವಾರ. ಒಂಬತ್ತು ಗಂಟೆಗೆಲ್ಲ ಇಬ್ಬರೂ ಕೆರೆಯ ದಡದಲ್ಲಿದ್ದರು. ಇನ್ನೆರಡು ವಾರ ಕಳೆದರೆ ಜೊಂಡು ಬಾಸ್ ಕೂರುವ ಮೂಲೆಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಮಾವ ಕಪ್ಪೆಯ ಮೂತಿ ತಡಕಿ, ಕಟ್ಟಿ, ಒದ್ದೆ ಮಾಡಿ, ಬಿಗಿದು, ಅವಳ ಕಡೆ ಚಾಚಿದರು. "ಎಳಿ."

ಎಳೆದಳು. ಜಗ್ಗಲಿಲ್ಲ.

ಕಪ್ಪೆ ಹಾರಿತು. ದಾರ ಕೋಲಿನ ಬಳೆಗಳಲ್ಲಿ ಗರ್ರ್ ಎಂದು ಗೊಣಗುತ್ತ ಹಿಂದೆ ಹೋಯಿತು. ಎರಡು ಎಸೆತ ಖಾಲಿ ಬಂದವು. ಮೂರನೆಯದಕ್ಕೆ ಜೊಂಡಿನ ಅಂಚಿನಲ್ಲಿ ಬಕೆಟ್ಟು ಬೋರಲು ಹಾಕಿದಂಥ ಸದ್ದು. ಕೋಲು ಬಿಲ್ಲಾಯಿತು. ಮೀನು ಜೊಂಡಿನೊಳಗೆ ನುಗ್ಗಿತು. ಮಾವ ಕೈ ಹಗುರಾಗುವ ಆ ಗಳಿಗೆಗಾಗಿ ಕಾದು ನಿಂತರು. ಅದು ಬರಲಿಲ್ಲ. ದಾರ ಕರಕರ ಎಂದು ಜೊಂಡು ಕೊಯ್ಯುವುದು ದಡಕ್ಕೆ ಕೇಳಿಸಿತು. ಒಂದೊಂದೇ ಸುತ್ತು ರೀಲು ತಿರುಗಿಸಿ, ಕೊನೆಗೆ ಅವರು ದಡಕ್ಕೆ ಎಳೆದು ಹಾಕಿದ್ದು ತಲೆದಿಂಬಿನಷ್ಟು ದೊಡ್ಡ ಜೊಂಡಿನ ಉಂಡೆ.

ಸೊಸೆ ಕೂತು, ಸಿಕ್ಕುಗಟ್ಟಿದ ತಲೆ ಬಿಡಿಸುವಂತೆ, ಎಳೆ ಎಳೆಯಾಗಿ ಬಿಡಿಸಿದಳು.

"ಮೀನಾ?" ಎಂದರು ಮಾವ.

"ಇಲ್ಲ ಮಾವ. ಜೊಂಡಲ್ಲೇ ಬಿಡಿಸ್ಕೊಂಡು ಹೋಗಿದೆ."

"ಕಪ್ಪೆ?"

"ಇದೆ. ಬೆನ್ನ ಮೇಲೆ ಬಣ್ಣ ಕೆರೆದಿದೆ. ಕಚ್ಚಿದ್ದು ದೊಡ್ಡ ಬಾಯಿ."

ಮಾವ ಕೈ ಚಾಚಿ ತೆಗೆದುಕೊಂಡರು. ಅವರ ಹೆಬ್ಬೆರಳು ಮೊದಲು ಹೋದದ್ದು ಕಪ್ಪೆಯ ಬೆನ್ನಿಗಲ್ಲ, ಗಂಟಿಗೆ. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆರೆತದ ಗುರುತುಗಳ ಮೇಲೆ ನಿಧಾನವಾಗಿ ಹಾದು, ಹಲ್ಲು ಎಲ್ಲಿಂದ ಎಲ್ಲಿಯವರೆಗೆ ಬಿದ್ದಿದೆ ಎಂದು ಅಳೆಯಿತು.

"ನಾಲ್ಕು ಕಿಲೋಗೆ ಕಮ್ಮಿ ಇಲ್ಲ," ಎಂದರು. "ಈ ಗಂಟು ಜೊಂಡಿಗೆ ಉಜ್ಜಿದೆ. ಕತ್ತರಿಸು, ಹೊಸದು ಹಾಕ್ತೀನಿ."

ಅವಳು ಕತ್ತರಿ ತೆಗೆದಳು.

"ತುದಿ ಬಿಸಾಕಬೇಡ," ಎಂದರು ಮಾವ.