ಅಕ್ಕನ ಕೈ

ಬಾಗಿಲ ಚೌಕಟ್ಟಿನ ಮೇಲೆ ಅಕ್ಕನ ಕೈ, ಆಸರೆಗೆ ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ಚಪ್ಪಲಿ ಕಳಚುತ್ತಿದ್ದಾಳೆ, ಕಳಚಿ ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡಳು, ಅದಕ್ಕೂ ಮೊದಲು ಆ ಕೈ ಬಸ್ಸಿನ ಕಂಬಿ ಹಿಡಿದಿತ್ತು, ದಾರಿಯುದ್ದಕ್ಕೂ ಹಿಡಿದಿರಬೇಕು, ಈ ಹೊತ್ತಿನಲ್ಲಿ ಸೀಟು ಎಲ್ಲಿ ಸಿಗುತ್ತದೆ — ಕಂಬಿಯ ವಿಷಯ ತಮ್ಮನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅವನೇ ಬಸ್ಸಿನ ಕಂಡಕ್ಟರು, ಕೆಮ್ಮಿದ ಕೈ, ಕೂಸಿನ ವಾಂತಿ ಒರೆಸಿದ ಕೈ, ತಿಂದು ನೆಕ್ಕಿದ ಕೈ ಎಲ್ಲವೂ ಅದರ ಮೇಲೆ ಜಾರುತ್ತ ಹೋಗುವುದನ್ನು ನೋಡುತ್ತಲೇ ಹೊಟ್ಟೆ ಹೊರೆದವನು, ಆಗೆಲ್ಲ ಅದು ಬರೀ ಕಂಬಿ, ತಾನೂ ಬೆರಳಿಗೆ ಎಂಜಲು ಹಚ್ಚಿಕೊಂಡೇ ಟಿಕೆಟ್ ಹರಿಯುತ್ತಿದ್ದ, ಈಗ ಕಂಬಿ ಕಂಡರೆ ಮೈ ಜುಮ್ಮೆನ್ನುತ್ತದೆ. ಎಲ್ಲೋ ನಮ್ಮ ಪುಟ್ಟಿ, ಅತ್ತೆ ಬಂದೆ ಕಣೇ, ಅಕ್ಕನ ದನಿ ಮನೆ ತುಂಬಿತು, ಒಳಕೋಣೆಯ ಬಾಗಿಲು ಅರ್ಧ ತೆರೆದಿದೆ, ಅಲ್ಲಿಂದ ಹೆಂಡತಿಯ ಕಣ್ಣು ನೇರ ಅವನನ್ನೇ ಚುಚ್ಚುತ್ತಿದೆ, ಬೆಳಿಗ್ಗೆಯೇ ಹೇಳಿದ್ದಳು, ನಿಮ್ಮಕ್ಕಂಗೆ ನೀವೇ ಹೇಳ್ಬೇಕು, ನಾನು ಹೇಳಿದ್ರೆ ಊರೆಲ್ಲಾ ಸುದ್ದಿಯಾಗುತ್ತೆ — ಹೇಳ್ತೀನಿ ಬಿಡೇ ಅಂದಿದ್ದ, ಎಷ್ಟು ಸುಲಭವಾಗಿ ಅಂದುಬಿಟ್ಟಿದ್ದ, ಅಕ್ಕ ಚೀಲವನ್ನು ಗೋಡೆಗೆ ಒರಗಿಸಿದಳು, ಎರಡೂ ಕೈ ಮುಂದೆ ಚಾಚಿಕೊಂಡೇ ಒಳಕೋಣೆಯತ್ತ ಹೊರಟಳು, ಅಮ್ಮ ಹೋದ ಮೇಲೆ ಅವನಿಗೆ ತುತ್ತು ಕಲೆಸಿ ಬಾಯಿಗಿಟ್ಟ ಕೈ, ಜ್ವರ ಬಂದಾಗ ರಾತ್ರಿಯಿಡೀ ಹಣೆಯ ಮೇಲಿದ್ದ ಕೈ, ಹೊಲಿಗೆ ಯಂತ್ರದ ಮುಂದೆ ಬೆನ್ನು ಬಾಗಿಸಿ ಅವನನ್ನು ಓದಿಸಿದ ಕೈ, ಆ ಕೈಗೆ ಹೇಗೆ ಹೇಳುವುದು. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಹೇಳಿದ್ದರು, ರಕ್ತದ ಕ್ಯಾನ್ಸರಿಗೆ ಕೊಡೋ ಔಷಧಿ ಕೆಟ್ಟದ್ದರ ಜೊತೆ ಒಳ್ಳೇದನ್ನೂ ಕೊಲ್ಲುತ್ತೆ, ಈಗ ಮಗು ಮೈಯಲ್ಲಿ ಕಾವಲಿನವರೇ ಇಲ್ಲ ಅಂದ್ಕೊಳ್ಳಿ, ಮುಟ್ಟೋರು ಯಾರೇ ಆಗ್ಲಿ ಸೋಪು ಹಾಕಿ ತೊಳೀಲಿ, ಬೆರಳ ಸಂದಿ, ಉಗುರು, ಮಣಿಕಟ್ಟು, ಮೈ ಬಿಸಿಯಾದ್ರೆ ಒಂದು ಗಳಿಗೆ ಕಾಯ್ಬೇಡಿ. ಹೋದ ಸಲ ಸೋಂಕು ಯಾರ ಕೈಯಿಂದ ಬಂತೋ, ಗೊತ್ತಾಗಲೇ ಇಲ್ಲ, ತನ್ನದೇ ಇರಬಹುದು, ಮಧ್ಯಾಹ್ನ ಗೊಂಬೆಗೆ ಜಡೆ ಹಾಕುತ್ತಿದ್ದ ಮಗು ಸಂಜೆಗೆ ಕಣ್ಣು ಮೇಲೆ ಮಾಡಿತ್ತು, ಆಸ್ಪತ್ರೆಯ ಗಾಜಿನ ಆಚೆ ಅಷ್ಟು ಸಣ್ಣ ಎದೆ ಅಷ್ಟು ಜೋರಾಗಿ ಏರಿಳಿಯುತ್ತಿತ್ತು — ಅಕ್ಕಾ, ನಿಲ್ಲು!

ಕೂಗೇ ಬಿಟ್ಟ. ಅಕ್ಕ ತಿರುಗಿದಳು, ಏನೋ ಗುಂಡಾ, ಹಾವು ಕಂಡೋನ ಥರ ಕಿರುಚ್ತೀಯಲ್ಲೋ, ಕೈ ತೊಳ್ಕೊಂಡು ಹೋಗಕ್ಕಾ ಅಂದ, ಅಷ್ಟೇ ತಾನೆ ಅಂತ ಬೇಸಿನ್ನಿಗೆ ಹೋಗಿ ನಲ್ಲಿ ತಿರುಗಿಸಿ ನಾಲ್ಕು ಬೆರಳ ತುದಿ ಒದ್ದೆ ಮಾಡಿ ಉಟ್ಟ ಬಟ್ಟೆಗೇ ಒರೆಸಿಕೊಂಡಳು, ಆಯ್ತಾ, ಆಗಲಿಲ್ಲ, ಆಗಲಿಲ್ಲ, ಆ ಬಟ್ಟೆಯೂ ಬಸ್ಸಿನದೇ, ಸೋಪು ಹಾಕಿ ತೊಳ್ಕೋ ಅಕ್ಕಾ, ಸರಿಯಾಗಿ, ಈಗ ಅವಳ ಮುಖ ಬದಲಾಯಿತು, ಮೂಗಿನ ಹೊಳ್ಳೆ ಅರಳಿತು, ಚಿಕ್ಕಂದಿನಿಂದ ಅವನಿಗೆ ಗೊತ್ತು, ಅಳು ಬರುವ ಮುಂಚೆ ಸಿಟ್ಟು ಬರುತ್ತದೆ, ನಾನೇನು ಚರಂಡೀಲಿ ಬಿದ್ದು ಬಂದ್ನೇನೋ, ನಿನ್ನ ಕುಂಡಿ ತೊಳೆದ ಕೈ ಕಣೋ ಇದು, ಇವತ್ತು ಇದು ನಿಂಗೆ ಗಲೀಜಾಯ್ತಾ, ಬಾಗಿ ಚೀಲ ಎತ್ತಿಕೊಂಡಳು, ಹೋಗಿಬಿಡುತ್ತಾಳೆ, ಹೋದರೆ ಮತ್ತೆ ಬರುವವಳಲ್ಲ, ಹೋಗಲಿ ಅನ್ನಬೇಕೆ, ಅನ್ನಬಲ್ಲನೆ, ಗಾಜಿನ ಆಚೆಯ ಎದೆ ಏರುತ್ತದೆ ಇಳಿಯುತ್ತದೆ — ಅವನು ಚೀಲ ಕಿತ್ತುಕೊಂಡು ಕೆಳಗಿಟ್ಟ, ಅವಳ ಎರಡೂ ಕೈ ಹಿಡಿದು ಬೇಸಿನ್ನಿಗೆ ಎಳೆದ, ಬಿಡೋ, ಬಿಡೋ ಅಂದೆ, ಬಿಡಲಿಲ್ಲ, ಸೋಪು ತಿಕ್ಕಿದ, ಅಂಗೈ, ಹಿಂಗೈ, ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳ ತುದಿ, ಕತ್ತರಿ ಒತ್ತಿ ಗಂಟಾದ ಹೆಬ್ಬೆರಳ ಬುಡ, ಇಷ್ಟು ಒರಟಾಗಿದ್ದು ಯಾವಾಗ, ಬೆರಳ ಸಂದಿಗೆ ಬೆರಳು ತೂರಿಸಿ ತಿಕ್ಕುವಾಗ ಅವಳ ಬಿಗುವು ಸಡಿಲವಾಯಿತು, ನೊರೆ ಬೂದುಬಣ್ಣಕ್ಕೆ ತಿರುಗಿ ಇಳಿಯುತ್ತಿದ್ದುದನ್ನು ಇಬ್ಬರೂ ನೋಡಿದರು, ಅಷ್ಟು ಕೆಟ್ಟದಾ ಗುಂಡಾ, ಅಕ್ಕ ಕೇಳಿದಳು, ತೀರ ಮೆಲ್ಲಗೆ, ಫೋನಲ್ಲಿ ಪರವಾಗಿಲ್ಲ ಅಂತಿದ್ಯಲ್ಲೋ, ಹೂಂ ಅಕ್ಕಾ, ಅಂತಿದ್ದೆ, ಹೋದ ಸಲ ಕೈಬಿಟ್ಟೇ ಹೋಗ್ತಿತ್ತು, ಅಕ್ಕ ತಾನೇ ಇನ್ನೊಂದು ಸಲ ಸೋಪಿಗೆ ಕೈ ಚಾಚಿದಳು, ಮಣಿಕಟ್ಟಿನವರೆಗೆ ತಿಕ್ಕಿದಳು, ಒಗೆದಿಟ್ಟ ಟವೆಲ್ಲಿನಲ್ಲಿ ಒರೆಸಿದಳು, ಏನನ್ನೂ ಮುಟ್ಟದೆ ಒಳಕೋಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿದಳು. ಹಾಸಿಗೆಯ ಮೇಲೆ ಮಗಳು, ಕೂದಲಿಲ್ಲದ ತಲೆ, ಕಿವಿ ಮಾತ್ರ ದೊಡ್ಡದಾಗಿ ಕಾಣುತ್ತಿದೆ, ಅಕ್ಕ ಆ ತಲೆ ಇನ್ನೂ ನೋಡಿರಲಿಲ್ಲ, ಯಾರೂ ಹೇಳಿರಲಿಲ್ಲ, ಹೊಸಿಲಲ್ಲೇ ನಿಂತುಬಿಟ್ಟಳು, ಅತ್ತೇ ಅಂತು ಮಗು, ಯಾಕತ್ತೆ ಅಳ್ತಿದೀಯ, ಅಳ್ತಿಲ್ಲ ಕಣೇ ಅಂದಳು, ಕಣ್ಣಿಗೆ ಕೈ ಒಯ್ದಳು, ಒಯ್ಯುತ್ತ ಒಯ್ಯುತ್ತ ನಿಲ್ಲಿಸಿದಳು, ನೀರು ಕೆನ್ನೆಯಿಂದ ಗದ್ದಕ್ಕೆ, ಗದ್ದದಿಂದ ಕುತ್ತಿಗೆಗೆ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ, ಮುಖದ ಮುಂದೆ ಎತ್ತಿ ಹಿಡಿದ ಎರಡು ಕೈ, ಬೆರಳು ಅಗಲಿಸಿಕೊಂಡು, ಎಲ್ಲಿಗೂ ತಾಗದೆ, ಎರಡು ಕೈ